ಮೂರ್ಛೆರೋಗ, ಬಿಸಿನೀರು ಮತ್ತು ಡಾ. ಕೆ. ಎಸ್. ಮಣಿಯವರ ಕಾರ್ಯ

ಮನುಷ್ಯನಿಗೆ ಬರುವ ಕಾಯಿಲೆಗಳಲ್ಲಿ ಮೂರ್ಛೆರೋಗಕ್ಕೆ ಬಂದಷ್ಟು ಹೆಸರುಗಳು ಬಹುಶಃ ಬೇರೆ ಯಾವುದಕ್ಕೂ ಬಂದಿಲ್ಲ. ಆಯುರ್ವೇದ ಅದನ್ನು 'ಅಪಸ್ಮಾರ' ಎಂದು ಕರೆಯಿತು. 'ಅಪ' ಎಂದರೆ ದೂರವಾಗುವುದು, 'ಸ್ಮಾರ' ಎಂದರೆ ನೆನಪು. ನೆನಪು ಕಳಚಿ ಬೀಳುವ ಸ್ಥಿತಿ ಎಂಬುದು ಆ ಪದದ ಅರ್ಥ. ಗಡಿಭಾಗದ ಮರಾಠಿಯಲ್ಲಿ ಇದು 'ಫೇಫರೆ' ಅಥವಾ 'ಮಿರಗಿ'. ಕನ್ನಡದ ಮನೆಗಳಲ್ಲಿ 'ಮೂರ್ಛೆ', 'ಸೆಳೆತ', ಈಚೆಗೆ 'ಫಿಟ್ಸ್'. ನಟರಾಜನ ಪಾದದಡಿ ಬಿದ್ದಿರುವ ಕುಳ್ಳ ಪುರುಷನಿಗೂ ಅಪಸ್ಮಾರನೆಂದೇ ಹೆಸರು. ಹೆಸರುಗಳು ಇಷ್ಟಿದ್ದರೂ ಆ ರೋಗವುಳ್ಳವರ ಮನೆಯಲ್ಲಿ ಮಾತ್ರ ಅದರ ಹೆಸರನ್ನು ಯಾರೂ ಎತ್ತುವುದಿಲ್ಲ. ಮಗಳಿಗೆ ಮೂರ್ಛೆ ಬರುತ್ತದೆಂಬ ಸಂಗತಿ ನೆರೆಮನೆಗೆ ತಿಳಿಯದಂತೆ ಕಾಪಾಡುವುದೇ ಎಷ್ಟೋ ತಾಯಂದಿರ ಬಾಳಿನ ದೊಡ್ಡ ಚಿಂತೆಯಾಗಿದೆ.

ಈ ಮೌನವನ್ನು ಮುರಿಯುವ ಕೆಲಸವನ್ನು ವಿಜ್ಞಾನವೊಂದೇ ಮಾಡಲಾರದು. ವಿಜ್ಞಾನವನ್ನು ಬಿಟ್ಟು ಸಮಾಜಸೇವೆಯೊಂದೇ ಮಾಡಲೂ ಆಗದು. ಎರಡನ್ನೂ ಒಟ್ಟಿಗೆ ಕೈಗೆತ್ತಿಕೊಂಡ ನರರೋಗ ತಜ್ಞರಲ್ಲಿ ಬೆಂಗಳೂರಿನ ಡಾ. ಕೆ. ಎಸ್. ಮಣಿಯವರು ಪ್ರಮುಖರು. ಅವರ ಸಂಶೋಧನೆಯ ಒಂದು ತುದಿ ಬಚ್ಚಲುಮನೆಯ ಬಿಸಿನೀರಿನಲ್ಲಿದೆ, ಇನ್ನೊಂದು ತುದಿ ಯಳಂದೂರಿನ ಹಳ್ಳಿಗಳಲ್ಲಿದೆ. ಅವರು ಸ್ಥಾಪಕರಲ್ಲೊಬ್ಬರಾಗಿದ್ದ ಸಂಘದ ಶ್ರಮದ ಫಲ ದೇಶದ ವಿವಾಹ ಕಾನೂನಿನ ಪುಟಗಳಲ್ಲಿದೆ.

ಮಿದುಳಿನಲ್ಲಿ ನಡೆಯುವುದೇನು?

ಮಿದುಳು ಕೋಟ್ಯಂತರ ನರಕೋಶಗಳ ಜಾಲ. ಈಗಿನ ಎಣಿಕೆಯಂತೆ ಅವುಗಳ ಸಂಖ್ಯೆ ಸುಮಾರು 8,600 ಕೋಟಿ. ಈ ಕೋಶಗಳು ಅತಿ ಸೂಕ್ಷ್ಮವಾದ ವಿದ್ಯುತ್ ಸಂಕೇತಗಳ ಮೂಲಕ ಒಂದರೊಡನೊಂದು ವ್ಯವಹರಿಸುತ್ತವೆ. ಕೆಲವು ಕೋಶಗಳು ಪ್ರಚೋದಿಸುತ್ತವೆ, ಕೆಲವು ತಡೆಯುತ್ತವೆ. ಈ ಎರಡರ ನಡುವಿನ ಸಮತೋಲದಿಂದಲೇ ನಡೆ, ನುಡಿ, ನೆನಪು, ಎಚ್ಚರ ಎಲ್ಲವೂ ಸಾಗುತ್ತವೆ. ಯಾವುದೋ ಕಾರಣದಿಂದ ಆ ಸಮತೋಲ ತಪ್ಪಿ ಕೋಶಗಳ ಒಂದು ಗುಂಪು ಏಕಕಾಲಕ್ಕೆ ಮಿತಿಮೀರಿ ಮಿಡಿದರೆ ಆಗುವುದೇ ಸೆಳೆತ. ಜಾತ್ರೆಯಲ್ಲಿ ಸಾವಿರ ಜನ ತಮ್ಮ ತಮ್ಮೊಳಗೆ ಮಾತನಾಡಿಕೊಂಡಿರುವುದು ಸಹಜ. ಅವರೆಲ್ಲರೂ ಒಂದೇ ಕ್ಷಣದಲ್ಲಿ ಒಂದೇ ಶಬ್ದವನ್ನು ಕೂಗತೊಡಗಿದರೆ ಯಾರ ಮಾತೂ ಯಾರಿಗೂ ಕೇಳಿಸದು. ಸೆಳೆತದ ಹೊತ್ತಿನಲ್ಲಿ ಮಿದುಳಿನ ಸ್ಥಿತಿ ಬಹುಮಟ್ಟಿಗೆ ಹಾಗಿರುತ್ತದೆ.

ಈ ಕೂಗು ಮಿದುಳಿನ ಒಂದು ಭಾಗಕ್ಕೆ ಸೀಮಿತವಾಗಿದ್ದರೆ ಒಂದು ಕೈ ಮಾತ್ರ ಅದುರಬಹುದು, ಕಣ್ಣು ಶೂನ್ಯದತ್ತ ನೆಡಬಹುದು, ರೋಗಿ ಅಸಂಬದ್ಧವಾಗಿ ಮಾತನಾಡಬಹುದು. ಇಡೀ ಮಿದುಳಿಗೆ ಹಬ್ಬಿದರೆ ಪ್ರಜ್ಞೆ ತಪ್ಪಿ, ದೇಹ ಸೆಟೆದು, ಕೈಕಾಲು ಬಡಿದುಕೊಳ್ಳುತ್ತವೆ. ಇಂಗ್ಲೆಂಡಿನ ವೈದ್ಯ ಜಾನ್ ಹ್ಯೂಲಿಂಗ್ಸ್ ಜಾಕ್ಸನ್ 19ನೆಯ ಶತಮಾನದ ಉತ್ತರಾರ್ಧದಲ್ಲಿಯೇ ಸೆಳೆತವನ್ನು ಮಿದುಳಿನ ಹಠಾತ್ ವಿಸರ್ಜನೆ ಎಂದು ವಿವರಿಸಿದ್ದನು. ಜರ್ಮನಿಯ ಹಾನ್ಸ್ ಬರ್ಗರ್ ಮನುಷ್ಯನ ಮಿದುಳಿನ ವಿದ್ಯುತ್ತನ್ನು ನೆತ್ತಿಯ ಮೇಲಿನಿಂದಲೇ ದಾಖಲಿಸಿ 1929ರಲ್ಲಿ ಪ್ರಕಟಿಸಿದ ಮೇಲೆ ಆ ವಿಸರ್ಜನೆ ಕಾಗದದ ಮೇಲೆ ಗೆರೆಗಳಾಗಿ ಕಾಣಿಸಿತು. ಅದೇ ಇಂದಿನ ಇಇಜಿ ಪರೀಕ್ಷೆ.

ಆದ್ದರಿಂದ ಮೂರ್ಛೆರೋಗ ದೆವ್ವದ ಕಾಟವಲ್ಲ, ಪೂರ್ವಜನ್ಮದ ಕರ್ಮವಲ್ಲ, ಹುಚ್ಚೂ ಅಲ್ಲ. ಅದು ಮುಟ್ಟುವುದರಿಂದ ಹರಡುವ ರೋಗವೂ ಅಲ್ಲ. ಹೆರಿಗೆಯ ಹೊತ್ತಿನಲ್ಲಿ ಮಗುವಿನ ಮಿದುಳಿಗೆ ಆಮ್ಲಜನಕ ಸಾಲದೆ ಹೋಗುವುದು, ತಲೆಗೆ ಬಿದ್ದ ಪೆಟ್ಟು, ಮಿದುಳಿನ ಸೋಂಕು, ಲಾಡಿಹುಳುವಿನ ಮರಿಗಳು ಮಿದುಳನ್ನು ಸೇರುವುದು, ಪಾರ್ಶ್ವವಾಯು, ವಂಶವಾಹಿಗಳ ವ್ಯತ್ಯಾಸ ಹೀಗೆ ಕಾರಣಗಳು ಹಲವು. ಕೆಲವರಲ್ಲಿ ಕಾರಣ ಗೊತ್ತಾಗುವುದೇ ಇಲ್ಲ.

ಬಿಸಿನೀರಿನ ಮೂರ್ಛೆ

ಕೆಲವರಿಗೆ ಸೆಳೆತ ಹೇಳದೆ ಕೇಳದೆ ಬರುತ್ತದೆ. ಇನ್ನು ಕೆಲವರಲ್ಲಿ ನಿರ್ದಿಷ್ಟವಾದ ಒಂದು ಪ್ರಚೋದನೆ ಅದನ್ನು ಎಬ್ಬಿಸುತ್ತದೆ. ಮಿನುಗುವ ಬೆಳಕು ಅಂಥದೊಂದು ಪ್ರಚೋದನೆ. ಇಂಥವುಗಳನ್ನು ಪ್ರತಿವರ್ತಿತ ಮೂರ್ಛೆಗಳೆಂದು ಕರೆಯುತ್ತಾರೆ. ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಗೆ, ಎಂದರೆ 1974ರ ಕೊನೆಯಲ್ಲಿ ನಿಮ್ಹಾನ್ಸ್ ಎಂಬ ರೂಪ ತಳೆದ ಸಂಸ್ಥೆಗೆ, 1960ರ ದಶಕದಲ್ಲಿ ಬರುತ್ತಿದ್ದ ರೋಗಿಗಳಲ್ಲಿ ಕೆಲವರ ಮನೆಯವರು ವಿಚಿತ್ರವೆನಿಸುವ ಒಂದು ಮಾತನ್ನು ಹೇಳುತ್ತಿದ್ದರು: ತಲೆಗೆ ಬಿಸಿನೀರು ಹೊಯ್ದುಕೊಳ್ಳುವಾಗ ಮಾತ್ರ ಇವನಿಗೆ ಮೂರ್ಛೆ ಬರುತ್ತದೆ.

ಪಾಶ್ಚಾತ್ಯ ಗ್ರಂಥಗಳಲ್ಲಿ ಇದರ ಉಲ್ಲೇಖ ಅತಿ ವಿರಳವಾಗಿತ್ತು. ನ್ಯೂಜಿಲೆಂಡಿನಿಂದ 1945ರಲ್ಲಿ ಒಬ್ಬ ಬಾಲಕನ ವೃತ್ತಾಂತ ಪ್ರಕಟವಾಗಿತ್ತು. ಅನಂತರ ಅಲ್ಲೊಂದು ಇಲ್ಲೊಂದು ವರದಿ ಬಂದಿತ್ತು. ಪುಸ್ತಕದಲ್ಲಿಲ್ಲದ ಸಂಗತಿಯನ್ನು ಹಳ್ಳಿಯವರ ಕಲ್ಪನೆಯೆಂದು ತಳ್ಳಿಹಾಕುವುದು ಸುಲಭವಿತ್ತು. ಮಣಿ ಮತ್ತು ಅವರ ಸಹೋದ್ಯೋಗಿಗಳು ಹಾಗೆ ಮಾಡಲಿಲ್ಲ. ಅವರು ಕೇಳಿಸಿಕೊಂಡರು, ಬರೆದಿಟ್ಟುಕೊಂಡರು, ಹೋಲಿಸಿದರು. 1968ರಲ್ಲಿ 'ನ್ಯೂರಾಲಜಿ ಇಂಡಿಯಾ' ಪತ್ರಿಕೆಯಲ್ಲಿ ಅವರ ಪ್ರಾಥಮಿಕ ವರದಿ ಪ್ರಕಟವಾಯಿತು. 1974ರ ಹೊತ್ತಿಗೆ 108 ರೋಗಿಗಳ ವಿವರವನ್ನು ಮಣಿಯವರ ತಂಡ ಅಮೆರಿಕದ ನರವಿಜ್ಞಾನ ಸಂಘದ ಮುಂದೆ ಇಟ್ಟಿತು. ಒಂದೊಂದೇ ಪ್ರಕರಣವನ್ನು ಕಂಡಿದ್ದ ಜಗತ್ತಿಗೆ ನೂರೆಂಟು ಜನರ ಕಥನ ದಕ್ಷಿಣ ಕರ್ನಾಟಕದಿಂದ ತಲುಪಿತು.

ಇಲ್ಲಿಯೇ ಏಕೆ ಇಷ್ಟು? ಉತ್ತರದ ಒಂದು ಪಾಲು ನಮ್ಮ ಸ್ನಾನದ ಪದ್ಧತಿಯಲ್ಲಿದೆ. ಹಂಡೆಯಲ್ಲಿ ಕಾಯಿಸಿದ ನೀರನ್ನು ಚೆಂಬಿನಿಂದ ಮೊಗೆಮೊಗೆದು ನೆತ್ತಿಯ ಮೇಲೆ ಬೇಗಬೇಗನೆ ಸುರಿದುಕೊಳ್ಳುವುದು ನಮ್ಮ ರೂಢಿ. ದಿನದ ಸ್ನಾನ ಮೈಗೆ. ವಾರಕ್ಕೊಮ್ಮೆ, ಹಬ್ಬಕ್ಕೊಮ್ಮೆ ತಲೆಗೆ ಎರೆದುಕೊಳ್ಳುವುದು ಬೇರೆಯೇ ಒಂದು ಸಡಗರ. ಆ ನೀರಿನ ಉಷ್ಣತೆ ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಸೆಲ್ಸಿಯಸ್‌ನಷ್ಟು. ಈ ರೋಗಿಗಳಲ್ಲಿ ಹೆಚ್ಚಿನವರಿಗೆ ಮೈಗೆ ನೀರು ಬಿದ್ದರೆ ಏನೂ ಆಗುವುದಿಲ್ಲ. ತಲೆಗೆ ಬಿದ್ದಾಗಲೇ ತೊಂದರೆ. ಹುಡುಗಿಯರಿಗಿಂತ ಹುಡುಗರಲ್ಲಿ ಇದು ಹೆಚ್ಚು. ಬಹುಮಟ್ಟಿಗೆ ಬಾಲ್ಯದಲ್ಲಿಯೇ ಆರಂಭ. ಕಣ್ಣು ಮಂಕಾಗುವುದು, ಕಾರಣವಿಲ್ಲದ ಭಯ, ಅರ್ಥವಿಲ್ಲದ ಮಾತು ಇವು ಮೊದಲ ಲಕ್ಷಣಗಳು. ಕೆಲವು ಮಕ್ಕಳು ಆ ಹೊತ್ತಿನಲ್ಲಿ ಒಂದು ಬಗೆಯ ಸುಖವನ್ನು ಅನುಭವಿಸಿ, ಬೇಡವೆಂದರೂ ಕೇಳದೆ ಚೆಂಬಿನ ಮೇಲೆ ಚೆಂಬು ಸುರಿದುಕೊಳ್ಳುತ್ತಲೇ ಇರುತ್ತಾರೆ. ಹೊರಗೆ ನಿಂತ ಹಿರಿಯರಿಗೆ ಅದು ಹಟಮಾರಿತನವಾಗಿ ಕಾಣಿಸುತ್ತದೆ. ಮಗುವಿಗೆ ಏಟೂ ಬೀಳಬಹುದು. ನಿಜದಲ್ಲಿ ಅದು ರೋಗದ ಲಕ್ಷಣ.

ಮಣಿಯವರು ತೆರೆದ ಈ ದಾರಿಯಲ್ಲಿ ನಿಮ್ಹಾನ್ಸ್‌ನ ಮುಂದಿನ ತಲೆಮಾರು ಬಹುದೂರ ಸಾಗಿತು. ಡಾ. ಪಿ. ಸತೀಶ್‌ಚಂದ್ರ ಮತ್ತು ಸಹೋದ್ಯೋಗಿಗಳು 1988ರಲ್ಲಿ 279 ರೋಗಿಗಳ ಅಧ್ಯಯನವನ್ನು ಪ್ರಕಟಿಸಿದರು. ಡಾ. ಎಸ್. ಕೆ. ಶಂಕರ್ ಅವರೊಡಗೂಡಿ ಇಲಿಗಳ ಮೇಲೆ ಪ್ರಯೋಗ ನಡೆಸಿ, ಬಿಸಿನೀರು ಮಿದುಳನ್ನು ಹೇಗೆ ಕೆರಳಿಸುತ್ತದೆಂಬುದನ್ನು ಪರಿಶೀಲಿಸಿದರು. ಹೊರಗಿನ ಶಾಖಕ್ಕೆ ಒಗ್ಗಿಕೊಳ್ಳುವ ವ್ಯವಸ್ಥೆ ಇಂಥವರಲ್ಲಿ ಸೂಕ್ಷ್ಮವಾಗಿದ್ದು, ನೆತ್ತಿಯ ಮೇಲಿನ ಬಿಸಿ ಅತಿ ಬೇಗ ಮಿದುಳಿನ ಉಷ್ಣತೆಯನ್ನು ಏರಿಸುತ್ತದೆಂಬುದು ಅವರ ವಿವರಣೆ. ಒಂದೇ ಮನೆಯಲ್ಲಿ ಹಲವರಿಗೆ ಈ ತೊಂದರೆ ಇರುವುದನ್ನು ಗಮನಿಸಿ ಜವಾಹರಲಾಲ್ ನೆಹರು ಉನ್ನತ ವಿಜ್ಞಾನ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್ ಅವರ ತಂಡ ನಿಮ್ಹಾನ್ಸ್ ವೈದ್ಯರ ಜೊತೆಗೂಡಿ ವಂಶವಾಹಿಗಳ ಶೋಧಕ್ಕೆ ತೊಡಗಿತು. 4ನೆಯ ಮತ್ತು 10ನೆಯ ವರ್ಣತಂತುಗಳಲ್ಲಿ ಇದಕ್ಕೆ ಸಂಬಂಧಿಸಿದ ಸ್ಥಾನಗಳು ಗೊತ್ತಾದವು. ಟರ್ಕಿ ದೇಶದಿಂದಲೂ ಇಂಥ ರೋಗಿಗಳ ವರದಿಗಳು ಗಣನೀಯ ಸಂಖ್ಯೆಯಲ್ಲಿ ಬಂದಿವೆ.

ಈ ಎಲ್ಲ ಸಂಶೋಧನೆಯ ಪ್ರಾಯೋಗಿಕ ಫಲ ಮಾತ್ರ ಅತ್ಯಂತ ಸರಳವಾದದ್ದು. ನೀರು ಉಗುರುಬೆಚ್ಚಗಿರಲಿ, ನೆತ್ತಿಯ ಮೇಲೆ ಒಮ್ಮೆಲೇ ಸುರಿಯುವುದು ಬೇಡ. ಹಲವರಿಗೆ ಇಷ್ಟೇ ಸಾಕಾಗುತ್ತದೆ. ಸಾಲದಿದ್ದವರಿಗೆ ತಲೆಸ್ನಾನಕ್ಕೆ ಮುಂಚೆ ಮಾತ್ರ ತೆಗೆದುಕೊಳ್ಳುವ ಮಾತ್ರೆಯನ್ನು ವೈದ್ಯರು ಸೂಚಿಸುತ್ತಾರೆ. ಕೆಲವರಲ್ಲಿ ಮುಂದೆ ಬಿಸಿನೀರಿನ ಸಂಬಂಧವಿಲ್ಲದೆಯೂ ಸೆಳೆತಗಳು ಕಾಣಿಸಿಕೊಳ್ಳುವುದುಂಟು. ಅಂಥವರಿಗೆ ನಿತ್ಯದ ಔಷಧ ಬೇಕು.

ಯಳಂದೂರಿನ ಪಾಠ

ರೋಗವನ್ನು ಗುರುತಿಸುವುದು ಒಂದು, ಔಷಧವನ್ನು ರೋಗಿಗೆ ತಲುಪಿಸುವುದು ಇನ್ನೊಂದು. ಮೂರ್ಛೆರೋಗಕ್ಕೆ ಔಷಧಗಳು ಹೊಸತಾಗಿ ಬಂದವುಗಳೇನಲ್ಲ. ಫೀನೋಬಾರ್ಬಿಟಾಲ್ ಎಂಬ ಮಾತ್ರೆ 1912ರಿಂದ, ಫಿನೈಟಾಯಿನ್ 1938ರಿಂದ ಬಳಕೆಯಲ್ಲಿವೆ. ಎರಡೂ ಅಗ್ಗದವು. ಹಾಗಿದ್ದರೂ ಭಾರತದ ಹಳ್ಳಿಗಳಲ್ಲಿ ಬಹುಸಂಖ್ಯೆಯ ರೋಗಿಗಳು ಯಾವ ಚಿಕಿತ್ಸೆಯೂ ಇಲ್ಲದೆ ಬದುಕುತ್ತಿದ್ದರು. ಚಿಕಿತ್ಸೆ ಬೇಕಾದವರಿಗೂ ಅದನ್ನು ಪಡೆಯುತ್ತಿರುವವರಿಗೂ ನಡುವಿನ ಈ ಅಂತರವನ್ನು ತಜ್ಞರು 'ಚಿಕಿತ್ಸೆಯ ಕಂದಕ'ವೆಂದು ಗುರುತಿಸುತ್ತಾರೆ.

ಈ ಕಂದಕವನ್ನು ಅಳೆಯಲೂ ತುಂಬಲೂ ಮಣಿ ಮತ್ತು ಅವರ ಸಹೋದ್ಯೋಗಿಗಳು ಆರಿಸಿಕೊಂಡ ಸ್ಥಳ ಇಂದಿನ ಚಾಮರಾಜನಗರ ಜಿಲ್ಲೆಯ ಯಳಂದೂರು. ಮನೆಮನೆಗೆ ಹೋಗಿ 64,963 ಜನರ ನಡುವೆ ನಡೆಸಿದ ಸಮೀಕ್ಷೆಯಲ್ಲಿ ಸಾವಿರಕ್ಕೆ 4.63 ಜನರಲ್ಲಿ ಮೂರ್ಛೆರೋಗವಿರುವುದು ಕಂಡುಬಂತು. ಬಿಸಿನೀರಿನ ಮೂರ್ಛೆಯ ಪ್ರಮಾಣ ಆ ಭಾಗದಲ್ಲಿ ಲಕ್ಷಕ್ಕೆ 255ರಷ್ಟಿತ್ತು. ಎಣಿಕೆ ಮುಗಿಸಿ ತಂಡ ಬೆಂಗಳೂರಿಗೆ ಮರಳಿಬಿಡಲಿಲ್ಲ. ಕಂಡುಹಿಡಿದ ರೋಗಿಗಳಿಗೆ ಆ ಎರಡು ಹಳೆಯ, ಅಗ್ಗದ ಔಷಧಗಳನ್ನೇ ಕೊಟ್ಟು, ವರ್ಷಗಟ್ಟಲೆ ಅವರ ಬೆನ್ನುಹತ್ತಿ ಫಲವನ್ನು ದಾಖಲಿಸಿತು. 135 ರೋಗಿಗಳ ಈ ಅನುಭವ 2001ರಲ್ಲಿ ಜಗತ್ಪ್ರಸಿದ್ಧ ವೈದ್ಯಕೀಯ ಪತ್ರಿಕೆ 'ದಿ ಲ್ಯಾನ್ಸೆಟ್'ನಲ್ಲಿ ಪ್ರಕಟವಾಯಿತು. ಅರ್ಧಕ್ಕಿಂತ ಹೆಚ್ಚಿನವರಲ್ಲಿ ಸೆಳೆತಗಳು ನಿಂತಿದ್ದವು.

ಈ ಫಲಿತಾಂಶದ ಮಹತ್ವ ಅಂಕಿಗಳಲ್ಲಷ್ಟೇ ಇಲ್ಲ. ದೊಡ್ಡ ಆಸ್ಪತ್ರೆ, ದುಬಾರಿ ಯಂತ್ರ, ಹೊಸ ಔಷಧ ಯಾವುದೂ ಇಲ್ಲದೆ ಹಳ್ಳಿಯಲ್ಲಿಯೇ ಈ ರೋಗವನ್ನು ಹತೋಟಿಗೆ ತರಬಹುದೆಂಬುದಕ್ಕೆ ಅದು ಪುರಾವೆಯಾಯಿತು. ಬೇಕಾದದ್ದು ರೋಗವನ್ನು ಗುರುತಿಸಬಲ್ಲ ತರಬೇತಿ, ತಪ್ಪದೆ ದೊರೆಯುವ ಮಾತ್ರೆ, ಮಾತ್ರೆ ನಿಲ್ಲಿಸಬೇಡಿರೆಂದು ಪದೇಪದೇ ಹೇಳುವ ತಾಳ್ಮೆ.

ಇದೇ ಕಾಲಕ್ಕೆ ನಿಮ್ಹಾನ್ಸ್‌ನ ಡಾ. ಎಂ. ಗೌರಿದೇವಿಯವರ ನೇತೃತ್ವದಲ್ಲಿ ಬೆಂಗಳೂರು ನಗರ ಮತ್ತು ಗ್ರಾಮಾಂತರ ಭಾಗಗಳ 1,02,557 ಜನರ ಸಮೀಕ್ಷೆಯೊಂದು ನಡೆಯಿತು. ಅದರಲ್ಲಿ ಮೂರ್ಛೆರೋಗ ನಗರದಲ್ಲಿ ಸಾವಿರಕ್ಕೆ 5.7, ಹಳ್ಳಿಗಳಲ್ಲಿ 11.9 ಇದ್ದುದು ತಿಳಿಯಿತು. ತಜ್ಞರು ಇರುವುದು ನಗರದಲ್ಲಿ, ರೋಗದ ಹೊರೆ ಇರುವುದು ಹಳ್ಳಿಯಲ್ಲಿ ಎಂಬ ವಿಷಾದದ ಸಂಗತಿಯನ್ನು ಈ ಎರಡು ಅಂಕಿಗಳು ಹೇಳಿಬಿಡುತ್ತವೆ.

ಕಾನೂನಿನಿಂದ ಅಳಿಸಿದ ಎರಡು ಪದಗಳು

ಔಷಧದಿಂದ ಸೆಳೆತ ನಿಲ್ಲಬಹುದು. ಕಳಂಕ ಔಷಧದಿಂದ ಹೋಗುವುದಿಲ್ಲ. ಹಿಂದೂ ವಿವಾಹ ಅಧಿನಿಯಮಕ್ಕೆ 1976ರಲ್ಲಿ ಆದ ತಿದ್ದುಪಡಿಯ ಪ್ರಕಾರ ಮದುವೆಯಾಗುವವರು ಮರುಕಳಿಸುವ 'ಹುಚ್ಚು ಅಥವಾ ಮೂರ್ಛೆರೋಗ'ಕ್ಕೆ ಒಳಗಾದವರಾಗಿರಬಾರದಿತ್ತು. ಈ ನಿಬಂಧನೆ ಮೀರಿದ ಮದುವೆಯನ್ನು ನ್ಯಾಯಾಲಯ ರದ್ದುಪಡಿಸಬಹುದಿತ್ತು. ವಿಶೇಷ ವಿವಾಹ ಅಧಿನಿಯಮದಲ್ಲಿಯೂ ಇದೇ ಮಾತಿತ್ತು. ಮಾತ್ರೆಯಿಂದ ಹತೋಟಿಗೆ ಬರುವ ಒಂದು ನರರೋಗವನ್ನು ಕಾನೂನು ಹುಚ್ಚಿನ ಪಕ್ಕದಲ್ಲಿ ಕೂರಿಸಿತ್ತು. ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಹೆಣ್ಣುಮಕ್ಕಳ ಮನೆಯವರು ರೋಗವನ್ನು ಮುಚ್ಚಿಟ್ಟು ಮದುವೆ ಮಾಡುವರು. ಗುಟ್ಟು ಹೊರಬೀಳಬಾರದೆಂದು ಮದುವೆಯ ಮನೆಯಲ್ಲಿಯೇ ಮಾತ್ರೆ ನಿಲ್ಲುವುದು. ನಿದ್ದೆಗೆಟ್ಟು, ಮಾತ್ರೆ ತಪ್ಪಿ, ಸೆಳೆತ ಮರಳುವುದು. ಹುಡುಗಿ ತವರಿಗೆ ಹಿಂದಿರುಗುವಳು.

1970ರಲ್ಲಿ ಆರಂಭವಾದ ಭಾರತೀಯ ಮೂರ್ಛೆರೋಗ ಸಂಘದ ಸ್ಥಾಪಕರಲ್ಲಿ ಮಣಿಯವರೂ ಒಬ್ಬರು. ವೈದ್ಯರಷ್ಟೇ ಅಲ್ಲದೆ ರೋಗಿಗಳು, ಅವರ ಮನೆಯವರು, ಸಮಾಜದ ಇತರರು ಸೇರಿದ ಸಂಘವದು. ಕಾನೂನಿನ ಈ ಅನ್ಯಾಯವನ್ನು ತೆಗೆಯಬೇಕೆಂದು ಸಂಘ ಬಿಡದೆ ಒತ್ತಾಯಿಸಿತು. ಕೊನೆಗೆ 1999ರ ವಿವಾಹ ಕಾನೂನುಗಳ ತಿದ್ದುಪಡಿ ಅಧಿನಿಯಮ ಎರಡೂ ಕಾನೂನುಗಳಿಂದ 'ಅಥವಾ ಮೂರ್ಛೆರೋಗ' ಎಂಬ ಪದಗಳನ್ನು ಕಿತ್ತುಹಾಕಿತು. ಆ ವರ್ಷದ ಡಿಸೆಂಬರ್ ಕೊನೆಯಿಂದ ಅದು ಜಾರಿಗೆ ಬಂತು. ಕಾನೂನಿನ ಪುಸ್ತಕದಲ್ಲಿ ಎರಡು ಪದಗಳಷ್ಟೇ ಕಡಿಮೆಯಾದವು. ಅವುಗಳ ಹಿಂದೆ ಎಷ್ಟು ಸಂಸಾರಗಳ ಭಯವಿತ್ತೆಂಬುದನ್ನು ಭಾಷೆಯ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಗಡಿನಾಡಿನಲ್ಲಿ ಈ ವಿಚಾರ

ಯಳಂದೂರಿಗೂ ಜತ್ತ ತಾಲೂಕಿನ ಸೋನ್ಯಾಳದಂಥ ಊರಿಗೂ ದೂರ ಬಹಳ. ಒಂದು ಕಾವೇರಿಯ ಸೀಮೆ, ಇನ್ನೊಂದು ಮಳೆಗೆ ಬಾಯ್ದೆರೆದ ಬಯಲುಸೀಮೆ. ಆದರೆ ಯಳಂದೂರಿನ ಪಾಠ ಇಲ್ಲಿಗೂ ಸಲ್ಲುತ್ತದೆ. ಇಲ್ಲಿ ಇನ್ನೊಂದು ತೊಡಕೂ ಇದೆ, ಅದು ಭಾಷೆಯದು.

ಮೂರ್ಛೆರೋಗದ ನಿದಾನದಲ್ಲಿ ವೈದ್ಯರಿಗೆ ಮೊದಲು ಬೇಕಾದದ್ದು ಯಂತ್ರವಲ್ಲ, ಕಂಡವರ ಮಾತು. ಸೆಳೆತ ಬಂದವನಿಗೆ ಸಾಮಾನ್ಯವಾಗಿ ಅದರ ನೆನಪಿರುವುದಿಲ್ಲ. ವೈದ್ಯರ ಎದುರು ಕುಳಿತಾಗ ಸೆಳೆತ ಇರುವುದೂ ಇಲ್ಲ. ಎರಡು ಸೆಳೆತಗಳ ನಡುವಿನ ಕಾಲದಲ್ಲಿ ಇಇಜಿಯೂ ಎಷ್ಟೋ ಬಾರಿ ಸಹಜವಾಗಿಯೇ ಇರುತ್ತದೆ. ಹೀಗಾಗಿ ತಾಯಿ ಹೇಳುವ ವಿವರವೇ ಮುಖ್ಯ ಆಧಾರ. ಮೊದಲು ಯಾವ ಕೈ ಅದುರಿತು? ಕಣ್ಣು ಎತ್ತ ಹೊರಳಿತು? ಎಷ್ಟು ಹೊತ್ತು ಇತ್ತು? ಆಗ ಹುಡುಗ ಏನು ಮಾಡುತ್ತಿದ್ದ? ಸೋನ್ಯಾಳದ ತಾಯಿ ಇದನ್ನು ತಿಳಿದಿರುವುದು ಮನೆಯ ಕನ್ನಡದಲ್ಲಿ. ಮಿರಜ, ಸಾಂಗಲಿ, ಸೊಲ್ಲಾಪುರಗಳ ಕಡೆ ಹೋದರೆ ಕೇಳುವ ಭಾಷೆ ಮರಾಠಿ. ಬರೆಯುವ ಭಾಷೆ ಎಲ್ಲೆಡೆಯೂ ಇಂಗ್ಲಿಷ್. ತಾಯಿಯ ಹತ್ತು ಮಾತುಗಳು ಆ ದಾರಿಯಲ್ಲಿ 'ಫಿಟ್ಸ್ ಬರ್ತಾವು' ಎಂಬ ಎರಡೇ ಮಾತಿಗೆ ಇಳಿದುಹೋದರೆ, ವೈದ್ಯರಿಗೆ ಬೇಕಾದ ಸುಳಿವೇ ಕಳೆದುಹೋದಂತೆ. 'ತಲಿಗಿ ಎರಕೊಳ್ಳುವಾಗ ಹಿಂಗಾಗತೈತಿ' ಎಂಬಂಥ ಮಾತನ್ನು ಒಬ್ಬ ವೈದ್ಯ ಕಿವಿಗೊಟ್ಟು ಕೇಳಿದ್ದರಿಂದಲೇ ಬಿಸಿನೀರಿನ ಮೂರ್ಛೆ ವಿಜ್ಞಾನದ ಪುಸ್ತಕವನ್ನು ಸೇರಿತೆಂಬುದನ್ನು ಇಲ್ಲಿ ನೆನೆಯಬೇಕು.

ಎರಡೂ ಭಾಷೆ ಬಲ್ಲ ಗಡಿನಾಡಿನ ವಿದ್ಯಾರ್ಥಿಗೆ ಈ ಜಾಗದಲ್ಲಿ ದೊಡ್ಡ ಕೆಲಸವಿದೆ. ನೆರೆಮನೆಯ ರೋಗಿಯೊಡನೆ ಆಸ್ಪತ್ರೆಗೆ ಹೋಗಿ ಮನೆಯವರ ಮಾತನ್ನು ಕಡಿಮೆ ಮಾಡದೆ, ಹೆಚ್ಚು ಮಾಡದೆ ವೈದ್ಯರಿಗೆ ಮುಟ್ಟಿಸುವುದು, ವೈದ್ಯರ ಸೂಚನೆಯನ್ನು ಮನೆಯ ಮಾತಿನಲ್ಲಿ ತಿಳಿಸುವುದು ಯಾವ ಅನುವಾದಕ್ಕಿಂತಲೂ ಕಡಿಮೆಯ ಕೆಲಸವಲ್ಲ. ಸಾಧ್ಯವಿದ್ದಲ್ಲಿ ಸೆಳೆತದ ಹೊತ್ತಿನ ದೃಶ್ಯವನ್ನು, ಮನೆಯವರ ಒಪ್ಪಿಗೆ ಪಡೆದು, ಮೊಬೈಲಿನಲ್ಲಿ ಸೆರೆಹಿಡಿದು ವೈದ್ಯರಿಗೆ ಮಾತ್ರ ತೋರಿಸುವುದೂ ಉಪಯುಕ್ತ.

ತರಗತಿಯಲ್ಲಿಯೋ ಬಸ್ಸಿನಲ್ಲಿಯೋ ಯಾರಿಗಾದರೂ ಸೆಳೆತ ಬಂದರೆ ಮಾಡಬೇಕಾದದ್ದು ಸ್ವಲ್ಪವೇ; ಮಾಡಬಾರದ್ದು ಹೆಚ್ಚು. ಸುತ್ತಲಿನ ಗಟ್ಟಿ, ಚೂಪು ವಸ್ತುಗಳನ್ನು ಸರಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಟ್ಟು, ಕೊರಳ ಬಿಗಿಯನ್ನು ಸಡಿಲಿಸಿ, ಜೊಲ್ಲು ಹೊರಗೆ ಹರಿಯುವಂತೆ ಮಗ್ಗುಲಿಗೆ ಹೊರಳಿಸಬೇಕು. ಗಡಿಯಾರ ನೋಡಿಕೊಳ್ಳಬೇಕು. ಕೈಯಲ್ಲಿ ಕಬ್ಬಿಣದ ಕೀಲಿ ಕೊಡುವುದು, ಮೂಗಿಗೆ ಉಳ್ಳಾಗಡ್ಡಿಯನ್ನೋ ಚಪ್ಪಲಿಯನ್ನೋ ಹಿಡಿಯುವುದು ನಿರುಪಯೋಗ. ಸೆಳೆತ ತಾನಾಗಿ ನಿಲ್ಲುವ ಹೊತ್ತಿಗೆ ಕೀಲಿ ಕೈಯಲ್ಲಿರುವುದರಿಂದ ಅದರಿಂದಲೇ ನಿಂತಿತೆಂಬ ಭ್ರಮೆ ಹುಟ್ಟುತ್ತದೆ. ಹಲ್ಲುಗಳ ನಡುವೆ ಚಮಚ ತುರುಕುವುದು, ಬಾಯಿಗೆ ನೀರು ಹಾಕುವುದು, ಕೈಕಾಲನ್ನು ಅದುಮಿ ಹಿಡಿಯುವುದು ಅಪಾಯಕರ. ಸೆಳೆತ 5 ನಿಮಿಷ ಮೀರಿದರೆ, ಎಚ್ಚರ ಬರುವ ಮೊದಲೇ ಮತ್ತೊಂದು ಬಂದರೆ, ರೋಗಿ ಗರ್ಭಿಣಿಯಾಗಿದ್ದರೆ, ಪೆಟ್ಟಾಗಿದ್ದರೆ ಅಥವಾ ಅದು ಅವರ ಬಾಳಿನ ಮೊದಲ ಸೆಳೆತವಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಎಚ್ಚರ ಬಂದಾಗ ಸುತ್ತ ನಿಂತ ಜನಜಂಗುಳಿಯ ನೂರು ಕಣ್ಣುಗಳು ಅವರನ್ನು ಎದುರುಗೊಳ್ಳಬಾರದು. ಒಬ್ಬರು ಪಕ್ಕದಲ್ಲಿದ್ದರೆ ಸಾಕು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಮೂರ್ಛೆರೋಗವಿದೆ. ಸರಿಯಾದ ಚಿಕಿತ್ಸೆ ದೊರೆತರೆ ಅವರಲ್ಲಿ ಶೇಕಡಾ 70ರಷ್ಟು ಜನ ಸೆಳೆತಗಳಿಲ್ಲದೆ ಬದುಕಬಲ್ಲರು. ಫೀನೋಬಾರ್ಬಿಟಾಲ್, ಫಿನೈಟಾಯಿನ್ ಮುಂತಾದವು ಭಾರತದ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿವೆ. ಮಾತ್ರೆಯನ್ನು ಆರಂಭಿಸುವುದು, ಬದಲಿಸುವುದು, ನಿಲ್ಲಿಸುವುದು ಮೂರೂ ವೈದ್ಯರ ತೀರ್ಮಾನವಾಗಿರಬೇಕು. ಸೆಳೆತ ನಿಂತಿತೆಂದು ತಾವಾಗಿಯೇ ಮಾತ್ರೆ ಬಿಡುವುದು ರೋಗ ಮರಳುವುದಕ್ಕೆ ಸಾಮಾನ್ಯವಾದ ಕಾರಣಗಳಲ್ಲೊಂದು. ಈ ರೋಗವಿದ್ದವರು ಓದಬಹುದು, ದುಡಿಯಬಹುದು, ಮದುವೆಯಾಗಬಹುದು, ಮಕ್ಕಳನ್ನು ಪಡೆಯಬಹುದು. ಈಜು, ಎತ್ತರದ ಕೆಲಸ, ಬೆಂಕಿಯ ಸಮೀಪದ ಕೆಲಸ, ವಾಹನ ಚಾಲನೆ ಇವುಗಳಲ್ಲಿ ಮಾತ್ರ ವೈದ್ಯರ ಸಲಹೆಯಂತೆ ಎಚ್ಚರ ಬೇಕು.

ಮಣಿಯವರ ಕಾರ್ಯದಲ್ಲಿ ಮೂರು ಹೆಜ್ಜೆಗಳು ಸ್ಪಷ್ಟವಾಗಿ ಕಾಣುತ್ತವೆ: ರೋಗಿಯ ಮಾತನ್ನು ನಂಬಿ ಕೇಳಿದ್ದು, ಕೇಳಿದ್ದನ್ನು ವಿಜ್ಞಾನದ ಒರೆಗೆ ಹಚ್ಚಿದ್ದು, ತಿಳಿದದ್ದನ್ನು ರೋಗಿಯ ಊರಿಗೇ ಮರಳಿ ಒಯ್ದದ್ದು. ಎರಡನೆಯ ಹೆಜ್ಜೆಗೆ ವೈದ್ಯಕೀಯ ಪದವಿ ಬೇಕು. ಮೊದಲನೆಯದಕ್ಕೂ ಮೂರನೆಯದಕ್ಕೂ ಬೇಕಾದದ್ದು ಕಿವಿ, ನಾಲಗೆ ಮತ್ತು ಅಂತಃಕರಣ.